ಇಬ್ಬರೂ ಬಿದ್ದರೆ ಗೆದ್ದವರು ಯಾರು?

30 ಸೆಪ್ಟೆಂಬರ್ 2001, ರವಿವಾರ

ಇಪ್ಪತ್ತೆರಡು ವರ್ಷಗಳಲ್ಲಿ ಇದೇ ಮೊದಲ ಸಲ ರವಿವಾರ ಮಧ್ಯಾಹ್ನ ಮನೆಯಲ್ಲಿ ಕೂತಿದ್ದೇನೆ. ಎಲ್ಲಾದರೂ ಒಂದು ಕಬಡ್ಡಿ ಪಂದ್ಯ ಇದ್ದೇ ಇರುತ್ತಿತ್ತು, ಈ ಚನಬಸಪ್ಪನ ಸೀಟಿ ಇಲ್ಲದೆ ಅದು ಶುರುವಾಗುತ್ತಿರಲಿಲ್ಲ. ವಾರದಲ್ಲಿ ಆರು ದಿನ ಪೇಪರ್ ಮಿಲ್ಲಿನ ಟೈಮ್ ಆಫೀಸಿನಲ್ಲಿ ಯಾರು ಎಷ್ಟು ನಿಮಿಷ ತಡವಾಗಿ ಬಂದರೆಂದು ಬರೆಯುವುದು, ಏಳನೆಯ ದಿನ ಯಾರ ಕಾಲು ಎಲ್ಲಿ ಬಿತ್ತೆಂದು ಹೇಳುವುದು. ನನ್ನ ಬಾಳು ಇಷ್ಟೇ, ನನಗೆ ತಕರಾರಿಲ್ಲ. ತಕರಾರಿರುವುದು ಕಬಡ್ಡಿ ಕಮಿಟಿಗೆ.

ಹೋದ ರವಿವಾರ ಹಳಿಯಾಳದಲ್ಲಿ ಮಹಿಳೆಯರ ಫೈನಲ್. ಕೊನೆಯ ರೇಡಿಗೆ ತುಳಜಾ ಎಂಬ ಹುಡುಗಿ ಹೋದಳು. ಇಬ್ಬರನ್ನು ಮುಟ್ಟಿ ವಾಪಸ್ ಓಡಿ ಬಂದಳು. ಬರುವಾಗ ಅವಳ ಬಲಗಾಲು ಪಕ್ಕದ ಗೆರೆಯಾಚೆ ಬಿತ್ತು. ಗೆರೆಯ ಸುಣ್ಣ ಹಾರಿದ್ದನ್ನು ನನ್ನ ಎರಡೂ ಕಣ್ಣಿಂದ ನೋಡಿದೆ, ಔಟ್ ಕೊಟ್ಟೆ. ಅವಳ ತಂಡ ಸೋತಿತು, ಮೈದಾನವೆಲ್ಲ ಕೂಗಾಡಿತು. ಕಮಿಟಿ ಸೆಕ್ರೆಟರಿ ಶಂಕ್ರಪ್ಪ ಚಹಾದ ಕಪ್ಪು ಹಿಡಿದುಕೊಂಡೇ ಬಂದು, "ಚನಬಸಪ್ಪಾ, ಖರೇನ ನೋಡೀಯೇನು?" ಎಂದ. ಅಂಪೈರನಿಗೆ ಕೇಳುವ ಮಾತೇ ಇದು? ಸಿಟ್ಟಿನಿಂದ ಸೀಟಿಯನ್ನು ನೆಲಕ್ಕೆ ಬಡಿದೆ. ಅದು ಪುಟಿದು ಅವನ ಚಹಾದಲ್ಲಿ ಬಿತ್ತು. ನಾನು ಎಸೆದದ್ದು ನೆಲಕ್ಕೆ. ಆಮೇಲೆ ಎಲ್ಲಿಗೆ ಹೋಗಬೇಕೆನ್ನುವುದು ಸೀಟಿಗೆ ಬಿಟ್ಟ ವಿಷಯ. ಆದರೆ ಮೂರು ತಿಂಗಳ ಅಮಾನತು ಮಾತ್ರ ನನಗೆ.

ನಿನ್ನೆ ಕಮಿಟಿಯ ಕಾಗದವೂ ಬಂತು. ಆ ತೀರ್ಪು ಸರಿಯೋ ತಪ್ಪೋ ನವೆಂಬರ್ ಹತ್ತರೊಳಗೆ ಬರೆದುಕೊಡಬೇಕಂತೆ. ಸರಿ ಎಂದರೆ ಅಮಾನತು ಮುಗಿದ ಮೇಲೆ ಎಂದಿನಂತೆ ಸೀಟಿ ಊದಬಹುದು. ತಪ್ಪು ಎಂದರೆ ತುಳಜಾಳನ್ನು ನವೆಂಬರ್ ಹದಿನೆಂಟರ ಜಿಲ್ಲಾ ಆಯ್ಕೆಗೆ ಕರೆಯುತ್ತಾರೆ, ನನ್ನ ಅಂಪೈರ್ ಕಾರ್ಡು ಕಾಯಂ ರದ್ದು. ಇದರಲ್ಲಿ ವಿಚಾರ ಮಾಡುವುದೇನಿದೆ? ನಾಳೆಯೇ 'ಸರಿ' ಎಂದು ಬರೆದು ಹಾಕುತ್ತೇನೆ.

3 ಅಕ್ಟೋಬರ್, ಬುಧವಾರ

ಕಾಗದ ಬರೆಯಲಿಲ್ಲ. ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಈಗ ಬರೆಯುತ್ತಿರುವುದು ಬೇರೆ ಪೆನ್ನು.

ಹೆಂಡತಿ ಶಿವವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದದ್ದಿಷ್ಟೆ: ಅವಳು ಬಡಿದ ರೊಟ್ಟಿ ಹಂಚಿನ ಅಂಚು ದಾಟಿತು, ನಾನು ಔಟ್ ಎಂದೆ. ಮಾತು ಬಿಡುವ ಮುಂಚೆ ಅವಳು ಹೇಳಿದ್ದು: "ನಿಮಗ ಎಲ್ಲಿಯರೆ ಒಂದು ಜಗಳ ಹುಡಿಕಿ ಕೊಡಬೇಕ್ರಿ. ಇಲ್ಲಾಂದ್ರ ನನ್ನ ಅಡಗಿಮನಿ ಮೈದಾನ ಆಗತೈತಿ."

7 ಅಕ್ಟೋಬರ್, ರವಿವಾರ

ಜಗಳ ತಾನಾಗಿಯೇ ಮನೆಗೆ ಬಂತು.

ಅಕ್ಕನ ಮಗಳು ಮೇಘಾ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ವಿಡಿಯೋ ಗೇಮಿನ ಅಂಗಡಿ ಇಟ್ಟು ಎರಡು ವರ್ಷವಾಯಿತು. ಎರಡು ಟೀವಿ, ನಾಲ್ಕು ರಿಮೋಟು. ಪಾಳಿ ಮುಗಿಸಿದ ಮಿಲ್ಲಿನವರು ಮನೆಗೆ ಹೋಗುವ ದಾರಿಯಲ್ಲಿ ಅಲ್ಲಿ ಕೂತು ಟೀವಿಯೊಳಗೆ ಬಡಿದಾಡುತ್ತಾರೆ. ಮೀಸೆ ಬಂದ ಗಂಡಸರು! ನಾನು ಇವತ್ತಿನವರೆಗೆ ಆ ಹೊಸ್ತಿಲು ತುಳಿದಿರಲಿಲ್ಲ.

"ಮಾಮಾ, ನೀವ ಬರಬೇಕ್ರಿ," ಎಂದು ಮೇಘಾ ಬಂದು ನಿಂತಳು. "ದಸರಾ ಆದ ಮ್ಯಾಲೆ ಟೂರ್ನಮೆಂಟ್ ಇಟ್ಟೇನಿ. ಈಗ ಪ್ರಾಕ್ಟೀಸಿನ್ಯಾಗ ತಲಿ ಒಡಕೊಳ್ಳಾಕ ಹತ್ಯಾರ. ಇಬ್ಬರೂ ಒಮ್ಮೆಲೆ ಬಿದ್ದಾರಿ. ಗೆದ್ದಾಂವ ಯಾರು ಅಂತ ಹೇಳವ್ರು ಬೇಕು."

ಹೋಗಿ ನೋಡಿದೆ. ಆಟ ಹೀಗಿದೆ: ತೆರೆಯ ಮೇಲೆ ಇಬ್ಬರು ಎದುರುಬದುರು ನಿಂತು ಒದೆಯುತ್ತಾರೆ, ಗುದ್ದುತ್ತಾರೆ. ಮೇಲೆ ಇಬ್ಬರಿಗೂ ಒಂದೊಂದು ಹಸಿರು ಪಟ್ಟಿ, ಅದು ಅವರ ಜೀವ. ಏಟು ಬಿದ್ದಷ್ಟೂ ಪಟ್ಟಿ ಸವೆಯುತ್ತದೆ, ಸವೆದು ಮುಗಿದವನು ಬೀಳುತ್ತಾನೆ. ನಡುವೆ ತೊಂಬತ್ತೊಂಬತ್ತರಿಂದ ಸೊನ್ನೆಗೆ ಇಳಿಯುವ ಗಡಿಯಾರ. ಮಿಲ್ಲಿನಲ್ಲಿ ಕಟ್ಟಿಗೆ ಕತ್ತರಿಸುವ ಕಡೆ ಕೆಲಸ ಮಾಡುವ ಸುದೀಪ ಮತ್ತು ಜೋಯಿಡಾದ ಬಾಲು ಒಂದೇ ಕ್ಷಣದಲ್ಲಿ ಒಬ್ಬರಿಗೊಬ್ಬರು ಒದ್ದಿದ್ದಾರೆ. ಎರಡೂ ಪಟ್ಟಿ ಖಾಲಿ. ಎರಡೂ ಹೆಣ ಮಲಗಿವೆ.

"ಸಾಹೇಬ್ರ, ನನ್ನಾಂವ ಬಿದ್ದಿಲ್ರಿ," ಎಂದ ಸುದೀಪ. "ಜರಾ ಮಕ್ಕೊಂಡಾನ."

ತೆರೆಯ ಮೇಲೆ ಒಂದು ಸಾಲು ಚೌಕಚೌಕ ಅಕ್ಷರಗಳು ಮೂಡಿದ್ದವು. ತೀರ್ಪು ಅಲ್ಲೇ ಬರೆದಿದೆ, ಓದುವವರಿಲ್ಲ. ಕ್ಯಾಸೆಟ್ಟು ನಕಲಿ, ಅದರ ಜೊತೆ ಪುಸ್ತಕವೂ ಬಂದಿಲ್ಲ. ಮೇಘಾ ಆ ಅಕ್ಷರಗಳನ್ನು ಹಾಳೆಗೆ ಇಳಿಸಿಕೊಂಡಿದ್ದಳು. ನಾನು ನೋಡಿದ ತಕ್ಷಣ ಗುರುತು ಹಿಡಿದೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಬೋರ್ಡುಗಳ ಮೇಲೆ ಇದೇ ಅಕ್ಷರ. ಸಂಶಯವೇ ಇಲ್ಲ. ಬರುವ ರವಿವಾರ ಹೋಗಿ ಓದಿಸಿಕೊಂಡು ಬರುವುದೆಂದು ಆದೇಶ ಕೊಟ್ಟೆ.

14 ಅಕ್ಟೋಬರ್, ರವಿವಾರ

ನಾನು, ಮೇಘಾ, ಸುದೀಪ ಮೂವರೂ ಬಸ್ಸು ಬದಲಿಸುತ್ತ ಬದಲಿಸುತ್ತ ಮುಂಡಗೋಡ ಮುಟ್ಟಿದಾಗ ಹನ್ನೆರಡಾಗಿತ್ತು. ಕ್ಯಾಂಪಿನಲ್ಲಿ ಒಬ್ಬ ಹಿರಿಯ ಸನ್ಯಾಸಿ ಸಿಕ್ಕರು. ಸುದೀಪನಿಗಿಂತ ಸ್ವಚ್ಛ ಕನ್ನಡ ಅವರದು. ಹಾಳೆಯನ್ನು ನೆಟ್ಟಗೆ ಹಿಡಿದು ನೋಡಿದರು, ತಿರುಗಿಸಿ ಹಿಡಿದು ನೋಡಿದರು.

"ಇದು ನಮ್ಮ ಅಕ್ಷರ ಅಲ್ರಿ. ಚೀನಾದ್ದೋ ಜಪಾನದ್ದೋ ಇರಬೇಕು."

ಮೇಘಾ ನನ್ನ ಮುಖ ನೋಡಿದಳು. ನಾನು ಆ ಬೋರ್ಡುಗಳನ್ನು ನೋಡಿದ್ದು ಓಡುವ ಬಸ್ಸಿನಿಂದ. ಓಡುವ ಬಸ್ಸಿನಿಂದ ಎಲ್ಲ ಅಕ್ಷರವೂ ಒಂದೇ.

ಅಷ್ಟು ದೂರದಿಂದ ಬಂದಿದ್ದೀರಿ ಎಂದು ಅವರು ಚಹಾ ಕೊಟ್ಟರು. ಬೆಣ್ಣೆ ಹಾಕಿದ ಉಪ್ಪಿನ ಚಹಾ. ಸುದೀಪ ಮರ್ಯಾದೆಗೆಂದು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಮುಗಿಸಿದ, ಅವರು ಮತ್ತೆ ತುಂಬಿದರು. ಮತ್ತೆ ಮುಗಿಸಿದ, ಮತ್ತೆ ತುಂಬಿದರು. ಕಪ್ಪು ಖಾಲಿಯಾದರೆ ತುಂಬುವುದು ಅವರ ಪದ್ಧತಿಯಂತೆ. ಐದನೆಯ ಕಪ್ಪಿಗೆ ಅವನ ಹಸಿರು ಪಟ್ಟಿ ಪೂರ್ತಿ ಸವೆದಿತ್ತು.

ಅಂಗಳದಲ್ಲಿ ಇಬ್ಬರಿಬ್ಬರಂತೆ ಸನ್ಯಾಸಿಗಳು ವಾದ ಮಾಡುತ್ತಿದ್ದರು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕಿ, ಕಾಲು ನೆಲಕ್ಕೆ ಅಪ್ಪಳಿಸಿ ಚಪ್ಪಾಳೆ ಹೊಡೆಯುತ್ತಾನೆ. ಒಳ್ಳೆಯ ರೇಡು ನೋಡಿದಷ್ಟೇ ಖುಷಿಯಾಯಿತು.

"ಅಂಪೈರ್ ಯಾರ್ರಿ?" ಎಂದು ಕೇಳಿದೆ.

"ಅಂಪೈರ್ ಇಲ್ಲ. ಸೋತಾಂವ ತಾನ ಹೇಳ್ತಾನ."

"ಹೇಳದಿದ್ರ?"

ಹಿರಿಯರು ನಕ್ಕರು. "ಎಲ್ಲಾರ್ಗೂ ಗೊತ್ತಾಗೇ ಇರತೈತ್ರಿ. ಅವಂಗೂ ಗೊತ್ತಿರತೈತಿ."

ಹಳಿಯಾಳದಲ್ಲಿ ಹೀಗೆ ಪಂದ್ಯ ನಡೆಸಿದರೆ ಮುಂದಿನ ಮಳೆಗಾಲದವರೆಗೂ ಮುಗಿಯುವುದಿಲ್ಲ ಎಂದು ಬಸ್ಸಿನಲ್ಲಿ ಮೇಘಾಳಿಗೆ ವಿವರಿಸಿದೆ. ಅವಳು ನಿದ್ದೆ ಮಾಡುತ್ತಿದ್ದಳು. ಮನೆಗೆ ಬಂದು ಹೊಸ ನೋಟ್‌ಬುಕ್ಕಿನಲ್ಲಿ ಬರೆದೆ: ನಿಯಮ ಒಂದು. ಇಬ್ಬರೂ ಬಿದ್ದರೆ ಮತ್ತೆ ಆಡತಕ್ಕದ್ದು.

ಕಾಗದ ಬರೆಯಲಿಲ್ಲ. ಪ್ರಯಾಣದ ದಣಿವು.

17 ಅಕ್ಟೋಬರ್, ಬುಧವಾರ

ನಿಯಮಗಳು ಹತ್ತೊಂಬತ್ತಕ್ಕೆ ಏರಿವೆ. ಕಬಡ್ಡಿಗೆ ಇಷ್ಟು ಬೇಕಾಗಿರಲಿಲ್ಲ.

ಆಟದ ನಡುವೆ ಕರೆಂಟು ಹೋದರೆ? ಮುಂದಿದ್ದವನು ಗೆದ್ದೆ ಎನ್ನುತ್ತಾನೆ, ಹಿಂದಿದ್ದವನು ಇನ್ನೇನು ಒದೆಯುವವನಿದ್ದೆ ಎನ್ನುತ್ತಾನೆ. ಮೊದಲಿನಿಂದ ಆಡಬೇಕೆಂದು ಬರೆದೆ. ಮರುದಿನವೇ ಸುದೀಪ ಸೋಲುವ ಹೊತ್ತಿಗೆ ಅವನ ಕಾಲು ಪ್ಲಗ್ಗಿಗೆ ತಗುಲಿತು. 'ಕೆಇಬಿ ಅಥವಾ ದೇವರು ತೆಗೆದ ಕರೆಂಟು ಮಾತ್ರ' ಎಂದು ತಿದ್ದುಪಡಿ ಮಾಡಿದೆ.

ಇಬ್ಬರೂ ಒಬ್ಬನೇ ಪೈಲ್ವಾನನನ್ನು ಆರಿಸಿಕೊಂಡರೆ? ಮೇಘಾಳ ಹಳೆಯ ಟೀವಿಯಲ್ಲಿ ಕೆಂಪೂ ನೀಲಿಯೂ ಒಂದೇ ಬೂದಿ ಬಣ್ಣ. ಇವತ್ತು ಸುದೀಪ ಪೂರ್ತಿ ಒಂದು ನಿಮಿಷ ತನ್ನವನೆಂದುಕೊಂಡು ಬಾಲುವಿನವನಿಗೆ "ಹೊಡಿ, ಹೊಡಿ ಮಗನ" ಎಂದು ಹುರಿದುಂಬಿಸಿದ. ಗೆದ್ದೆನೆಂದು ಎದ್ದು ಕುಣಿದ. ಕುಣಿಯುತ್ತಿರುವಾಗ ಬಾಲು ಮೆಲ್ಲಗೆ, "ಸುದೀಪಣ್ಣಾ, ಅಂವ ನನ್ನಾಂವ," ಎಂದ. ಕುಣಿದದ್ದನ್ನು ಹಿಂದಕ್ಕೆ ಪಡೆಯುವ ನಿಯಮ ಎಲ್ಲೂ ಇಲ್ಲ.

21 ಅಕ್ಟೋಬರ್, ರವಿವಾರ

ಮೇಘಾ ಟೂರ್ನಮೆಂಟಿನ ಹೆಸರುಗಳ ಪಟ್ಟಿ ಕೊಟ್ಟಳು. ಹದಿನಾಲ್ಕನೆಯ ಹೆಸರು ತುಳಜಾ.

"ಈಕಿ ಯಾವಾಕಿ?" ಎಂದೆ, ಗೊತ್ತಿಲ್ಲದವನಂತೆ.

"ನೀವು ಔಟ್ ಕೊಟ್ರೆಲ್ಲ, ಆಕಿನ," ಎಂದಳು ಮೇಘಾ. "ಇಲ್ಲೇ ಆಕಿ ಅತ್ತಿ ಮನ್ಯಾಗ ಇದ್ದು ಟೇಲರಿಂಗ್ ಕಲ್ಯಾಕ ಹತ್ಯಾಳ. ನನ್ನ ಗೆಳತಿ."

ಮಧ್ಯಾಹ್ನ ತುಳಜಾ ಬಂದಳು. "ನಮಸ್ಕಾರ್ರಿ ಸರ್," ಎಂದು ಹೋಗಿ ಕೂತಳು. ಅಷ್ಟೇ. ಇದಕ್ಕಿಂತ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಲು ನನ್ನ ಹತ್ತಿರ ತಯಾರಿತ್ತು.

ಅವಳು ಆಡುವ ರೀತಿಯೇ ಬೇರೆ. ಹೊಡೆಯಲು ನುಗ್ಗುವಾಗ ಉಸಿರು ಹಿಡಿದು "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತಾಳೆ. ರಿಮೋಟು ಹಿಡಿದಿರುವುದು ಅವಳಿಗೂ ನೆನಪಿರುವುದಿಲ್ಲ. ಸುದೀಪ ತಕರಾರು ತೆಗೆದ. "ಸಾಹೇಬ್ರ, ಈಕಿ ಮಂತ್ರ ಹಾಕ್ತಾಳ. ನನ್ನ ಕೈ ಥಂಡ ಆಗಾಕ ಹತ್ಯಾವ." ನಾನು ತೀರ್ಪಿನ ವಿಚಾರದಲ್ಲಿದ್ದೆ, ಅಷ್ಟರಲ್ಲಿ ಅವಳ ಕಬಡ್ಡಿ ನಡುವೆ ತುಂಡಾಯಿತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಸೀಟಿ ಹೊಡೆದು, "ಉಸಿರು ಬಿಟ್ಟಳು, ಔಟ್!" ಎಂದು ಕೈ ಎತ್ತಿದೆ.

ತುಳಜಾ ತಿರುಗಿ ನೋಡಿದಳು.

"ಸರ್, ಇಲ್ಲಿಯೂ ಏನ್ರಿ?"

ಮೊದಲು ನಕ್ಕವಳು ಅವಳೇ. ಆಮೇಲೆ ಎಲ್ಲರೂ. ನಾನು ನಗಲಿಲ್ಲ. ಸ್ವಲ್ಪ ನಕ್ಕೆ. ನಿಯಮ ಇಪ್ಪತ್ಮೂರು: ಆಡುವವರು ಬಾಯಲ್ಲಿ ಏನನ್ನಾದರೂ ಅನ್ನಬಹುದು, ಎದುರಾಳಿಯ ತಾಯಿ-ತಂದೆಯ ವಿಷಯ ಬಿಟ್ಟು.

ಹಳಿಯಾಳದ್ದು ಬೇರೆ ಮಾತು. ಅಲ್ಲಿ ಸುಣ್ಣ ಹಾರಿದ್ದು ನಿಜ. ಸುಣ್ಣವೋ ಧೂಳೋ ಎಂದು ಯಾರಾದರೂ ಅಡ್ಡಪ್ರಶ್ನೆ ಹಾಕಿದರೆ, ಮೂರು ಗಂಟೆಯ ಬಿಸಿಲಲ್ಲಿ ಎರಡೂ ಬಿಳಿಯೇ ಕಾಣುತ್ತವೆ.

24 ಅಕ್ಟೋಬರ್, ಬುಧವಾರ

ಕಾಗದ ಬರೆದೆ. ಲಕೋಟೆಗೆ ಅಂಟು ಇರಲಿಲ್ಲ. ಅನ್ನದ ಅಗುಳು ಇತ್ತು, ಆದರೆ ಕಮಿಟಿಗೆ ಹೋಗುವ ಕಾಗದಕ್ಕೆ ಅಗುಳು ಹಚ್ಚುವುದು ಶೋಭೆಯಲ್ಲ.

28 ಅಕ್ಟೋಬರ್, ರವಿವಾರ

ಟೂರ್ನಮೆಂಟು ಶುರು. ಹದಿನಾರು ಜನ, ನೋಡುವವರು ಕಿಟಕಿಯಾಚೆಯೂ. ಗೆದ್ದವರಿಗೆ ಗೋಡೆ ಗಡಿಯಾರ.

ಸುದೀಪ ಮೂರು ಪಂದ್ಯ ಗೆದ್ದ. ಅವನ ಹಾದಿ ಇಷ್ಟೆ: ಶುರುವಿನಲ್ಲಿ ಒಂದು ಒದೆ ಕೊಡುವುದು, ಆಮೇಲೆ ಗಡಿಯಾರ ಸೊನ್ನೆಗೆ ಬರುವವರೆಗೆ ಮೂಲೆಯಿಂದ ಮೂಲೆಗೆ ಓಡುವುದು. ಜನ ಥೂ ಎಂದರು. "ಓಡಬಾರದು ಅಂತ ಎಲ್ಲಿ ಬರದೈತಿ ತೋರಸ್ರಿ," ಎಂದ ಅವನು. ನಲವತ್ತೊಂದು ನಿಯಮಗಳನ್ನು ಮೂರು ಸಲ ಓದಿದೆ. ಬರೆದಿರಲಿಲ್ಲ. ಗೆದ್ದನೆಂದು ಹಲ್ಲು ಕಚ್ಚಿಕೊಂಡು ಹೇಳಿದೆ.

ಸೆಮಿಫೈನಲಿನಲ್ಲಿ ತುಳಜಾ ಮತ್ತು ಬಾಲು. ಗಡಿಯಾರ ಸೊನ್ನೆಗೆ ಬಂದಾಗ ಇಬ್ಬರೂ ನಿಂತಿದ್ದಾರೆ, ಇಬ್ಬರ ಪಟ್ಟಿಯೂ ಒಂದೇ ಅಳತೆ. ಮೇಘಾ ಗುಂಡಿ ಒತ್ತಿ ತೆರೆಯನ್ನು ಹಾಗೇ ನಿಲ್ಲಿಸಿದಳು. ತುಳಜಾಳ ಚೀಲದಲ್ಲೇ ಟೇಲರಿಂಗಿನ ಟೇಪು ಇತ್ತು. ಇಸಿದುಕೊಂಡು ಟೀವಿಯ ಗಾಜಿಗೆ ಹಚ್ಚಿ ಅಳೆದೆ. ಬಾಲುವಿನದು ಒಂದು ಎಳೆ ಉದ್ದ. ಗಾಜು ಉಬ್ಬಿದೆ, ಇನ್ನೊಮ್ಮೆ ಅಳೆಯೋಣ ಎನಿಸಿತು. ತುಳಜಾಳದು ಉದ್ದ. ಮೂರನೆಯ ಸಲ ಎರಡೂ ಸಮ. ಮೂರು ಸಲಕ್ಕೆ ಮೂರು ಉತ್ತರ ಬಂದರೆ ಏನು ಮಾಡುವುದು? "ನನಗ ತಿಳೀವಲ್ದು, ಮತ್ತ ಆಡ್ರಿ," ಎಂದೆ. ಯಾರೂ ಜಗಳಾಡಲಿಲ್ಲ, ಅದೇ ಆಶ್ಚರ್ಯ. ತುಳಜಾ ಗೆದ್ದಳು.

ಕಾಗದ ಎಲ್ಲಿ ಎಂದು ನೆನಪಿಸುವ ಅಂಚೆ ಕಾರ್ಡು ಶಂಕ್ರಪ್ಪನಿಂದ ಬಂದಿದೆ. ಸುಣ್ಣ ಹಾರಿದ ಸದ್ದನ್ನು ನಾನು ಕೇಳಿದ್ದಂತೂ ಖರೆ.

1 ನವೆಂಬರ್, ಗುರುವಾರ

ರಾಜ್ಯೋತ್ಸವದ ರಜೆ. ಶಿವವ್ವನನ್ನು ಮೇಘಾಳ ಅಂಗಡಿಗೆ ಕರೆದುಕೊಂಡು ಹೋದೆ. ಅಂಪೈರನಾದವನಿಗೆ ಆಟ ಒಳಗಿನಿಂದ ಗೊತ್ತಿರಬೇಕು, ಬೇರೆ ಕಾರಣವಿಲ್ಲ. ಶಿವವ್ವ ರಿಮೋಟಿನ ಗುಂಡಿಗಳನ್ನೆಲ್ಲ ಸೆರಗಿನ ಕೆಳಗೆ ಒಮ್ಮೆಲೇ ಒತ್ತುತ್ತಾಳೆ. ಅವಳ ಪೈಲ್ವಾನ ಗಾಳಿಯಲ್ಲಿ ತಿರುಗಿ ಬೆಂಕಿ ಉಗುಳಿದ. ಸುದೀಪನಿಗೂ ಬಾರದ ಪಟ್ಟು ಅದು. ಐದು ಸಲ ಆಡಿದೆ, ಐದು ಸಲವೂ ಸುಟ್ಟುಹೋದೆ. ಗೊತ್ತಿಲ್ಲದೆ ಹೊಡೆದ ಏಟು ಲೆಕ್ಕಕ್ಕಿಲ್ಲ ಎಂದು ನಿಯಮ ಮಾಡಲು ಹೊರಟಿದ್ದೆ, ಮೇಘಾ ನೋಟ್‌ಬುಕ್ಕು ಕಸಿದುಕೊಂಡಳು.

ವಾಪಸ್ ಬರುವಾಗ ಶಿವವ್ವ ಕೇಳಿದಳು. "ಹಳಿಯಾಳದಾಗ ಖರೇ ಏನಾತ್ರಿ?"

"ಚಷ್ಮಾ ತಗದು ಒರಸ್ಕೊಂಡು ಹಾಕ್ಕೊಳ್ಳೂದ್ರಾಗ ಧೂಳು ಎದ್ದಿತ್ತು," ಎಂದೆ. ಚಷ್ಮಾ ಕೈಯಲ್ಲಿತ್ತು ಎಂದೇನೂ ನಾನು ಹೇಳಲಿಲ್ಲ. ಹಾಕಿಕೊಳ್ಳುವುದರಲ್ಲಿ ಎಂದೆ. ಎರಡಕ್ಕೂ ವ್ಯತ್ಯಾಸವಿದೆ. ಅವಳು ಮುಂದೆ ನಡೆದಳು.

4 ನವೆಂಬರ್, ರವಿವಾರ

ಫೈನಲ್ ಒಂದೂವರೆಗೆ ಶುರುವಾಯಿತು. ಸುದೀಪ ಮತ್ತು ತುಳಜಾ. ಮೊದಲ ಸುತ್ತು ಸುದೀಪನದು, ಓಡಿ ಓಡಿ ಗೆದ್ದ. ಎರಡನೆಯದು ತುಳಜಾಳದು, ಅಟ್ಟಿಸಿಕೊಂಡು ಹೋಗಿ ಹೊಡೆದಳು. ಮೂರನೆಯದರಲ್ಲಿ ಇಬ್ಬರ ಪಟ್ಟಿಯೂ ಉಗುರಿನಷ್ಟು ಉಳಿದಿತ್ತು. ಅಂಗಡಿಯಲ್ಲಿ ಮಿಲ್ಲಿನವರೇ ತುಂಬಿದ್ದರು. ತುಳಜಾ ಕಬಡ್ಡಿ ಕಬಡ್ಡಿ ಎಂದು ನುಗ್ಗಿದಳು, ಸುದೀಪ ಕಾಲೆತ್ತಿದ.

ಆಗ ಮಿಲ್ಲಿನಿಂದ ಎರಡು ಗಂಟೆಯ ಪಾಳಿಯ ಭೋಂಗಾ ಕೂಗಿತು.

ಸುದೀಪ ರಿಮೋಟು ಕೆಳಗಿಟ್ಟು ಎದ್ದ. ಇವತ್ತು ಅವನಿಗೆ ರಜೆ. ಆದರೂ ಎದ್ದ. ಅವನ ಹಿಂದಿನವರೂ ಎದ್ದರು, ಒಬ್ಬ ಕಪಾಟಿನ ಮೇಲಿದ್ದ ಯಾರದೋ ಊಟದ ಡಬ್ಬಿಯನ್ನೂ ಎತ್ತಿಕೊಂಡ. ಎಲ್ಲರಿಗಿಂತ ಮುಂದೆ ಬಾಗಿಲಲ್ಲಿ ಇದ್ದವನು ನಾನು. ಭೋಂಗಾ ಆದರೆ ರಜಿಸ್ಟರು ಹಿಡಿದು ಗೇಟಿಗೆ ಹೋಗುವುದು ಇಪ್ಪತ್ತೆಂಟು ವರ್ಷದ ರೂಢಿ. ಕಂಕುಳಲ್ಲಿ ನಿಯಮಗಳ ನೋಟ್‌ಬುಕ್ಕು ಸಿಕ್ಕಿಸಿಕೊಂಡು ನಾನು ಒಂದು ಕಾಲಿಗೆ ಚಪ್ಪಲಿಯನ್ನೂ ಮೆಟ್ಟಿದ್ದೆ.

ತಿರುಗಿ ನೋಡಿದರೆ ಸುದೀಪನ ಪೈಲ್ವಾನ ನೆಲದಲ್ಲಿ, ತುಳಜಾಳವನು ಕೈ ಎತ್ತಿ ನಿಂತಿದ್ದಾನೆ.

"ನಾ ಎದ್ದ ಮ್ಯಾಲೆ ಹೊಡದಾಳ್ರಿ! ಇದು ನಡೆಯಂಗಿಲ್ಲ!" ಎಂದ ಸುದೀಪ.

"ಭೋಂಗಾ ಆಗೂಕಿಂತ ಮೊದಲ ಹೊಡದೇನಿ," ಎಂದಳು ತುಳಜಾ. "ಬಿದ್ದ ಮ್ಯಾಲೆ ಎದ್ದಾರ ಅವ್ರು."

ಮೇಘಾ ಹಣದ ಡಬ್ಬಿಯ ಕಡೆ ಬಗ್ಗಿದ್ದಳಂತೆ, ಉಳಿದವರೆಲ್ಲ ಬಾಗಿಲಿಗೆ ಮುಖ ಮಾಡಿದ್ದರು. ನಲವತ್ತು ಕಣ್ಣು ನನ್ನ ಕಡೆ ತಿರುಗಿದವು. "ಸಾಹೇಬ್ರ ಹೇಳ್ರಿ. ನೀವು ನೋಡೀರೆಲ್ಲ?"

ಹೇಳುವುದು ಕಷ್ಟವೇನಿರಲಿಲ್ಲ. ಕೈ ಎತ್ತಿ ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ನನ್ನ ದನಿ ಕೇಳಿದರೆ ಯಾರೂ ಎದುರಾಡುವುದಿಲ್ಲ. ಕೈಯೂ ಅರ್ಧ ಎದ್ದಿತ್ತು. ತುಳಜಾ ರಿಮೋಟು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಏನು ಬರುತ್ತದೆಂದು ಮೊದಲೇ ಗೊತ್ತಿರುವವರಂತೆ. ನನಗೆ ಬಹಳ ನಾಚಿಕೆಯಾಯಿತು.

"ನಾ ನೋಡಿಲ್ಲ," ಎಂದೆ.

ಯಾರಿಗೂ ಅರ್ಥವಾಗಲಿಲ್ಲ.

"ನಾ ಬಾಗಿಲದಾಗ ಚಪ್ಪಲ್ ಹಾಕ್ಕೊಳ್ಳಾಕ ಹತ್ತಿದ್ದೆ. ನಾ ನೋಡಿಲ್ಲ."

ತುಳಜಾ ರಿಮೋಟು ಕೆಳಗಿಟ್ಟಳು. "ಹಳಿಯಾಳದಾಗ, ಸರ್?"

"ಅಲ್ಲಿಯೂ ನೋಡಿಲ್ಲ, ತಂಗಿ. ಚಷ್ಮಾ ಕೈಯಾಗಿತ್ತು."

ಅವಳು ಟೀವಿಯ ಕಡೆ ತಿರುಗಿ ಕುಪ್ಪಸದ ತೋಳಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, "ಸುದೀಪಣ್ಣಾ, ಬರ್ರಿ, ಮತ್ತ ಆಡೂಣು," ಎಂದಳು.

ಮತ್ತೆ ಆಡಿದರು. ಇಬ್ಬರೂ ಒಟ್ಟಿಗೆ ಬಿದ್ದರು. ನಿಯಮ ಒಂದರಂತೆ ಮತ್ತೆ ಆಡಿಸಿದೆ, ಅರ್ಧಕ್ಕೆ ಕರೆಂಟು ಹೋಯಿತು. ಯಾರ ಕಾಲೂ ಪ್ಲಗ್ಗಿನ ಹತ್ತಿರ ಇರಲಿಲ್ಲ. ಐದರವರೆಗೆ ಕಾದು ಎಲ್ಲರೂ ಮನೆಗೆ ಹೋದೆವು. ಗಡಿಯಾರವನ್ನು ಮೇಘಾ ಅಂಗಡಿಯ ಗೋಡೆಗೇ ತೂಗುಹಾಕಿದ್ದಾಳೆ.

5 ನವೆಂಬರ್, ಸೋಮವಾರ

ಕಾಗದ ಹಾಕಿದೆ. ಬರೆದದ್ದು ಇಷ್ಟು: "ತುಳಜಾಳ ಕಾಲು ಗೆರೆ ದಾಟಿದ್ದನ್ನು ನಾನು ನೋಡಿಲ್ಲ. ಕೊಟ್ಟ ತೀರ್ಪು ತಪ್ಪು. ಆಕೆಯನ್ನು ಆಯ್ಕೆಗೆ ಕರೆಯಬೇಕು. ಕಾರ್ಡು ಇದರ ಜೊತೆಗಿದೆ. ಚಹಾದ ವಿಷಯದಲ್ಲಿ ಮಾತ್ರ ನನ್ನ ತಪ್ಪಿಲ್ಲ."

ಶಿವವ್ವ ಓದಿದಳು. "ಕಡೀ ಸಾಲು ತಗೀರಿ," ಎಂದಳು. ತೆಗೆಯಲಿಲ್ಲ. ಲಕೋಟೆಗೆ ಅಗುಳು ಹಚ್ಚಿದೆ. ಕಾರ್ಡಿನಲ್ಲಿ ನನ್ನ ಮೂವತ್ತೆರಡರ ಫೋಟೋ ಇತ್ತು, ತಲೆತುಂಬ ಕೂದಲು. ಅಂಚೆ ಡಬ್ಬಿಗೆ ಹಾಕಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ದುಃಖವಾಯಿತು. ಆಮೇಲೆ ಹಸಿವಾಯಿತು.

18 ನವೆಂಬರ್, ರವಿವಾರ

ಜಿಲ್ಲಾ ಆಯ್ಕೆಗೆ ನಾನೂ ಶಿವವ್ವನೂ ಹಳಿಯಾಳಕ್ಕೆ ಹೋದೆವು. ಶಂಕ್ರಪ್ಪ ನನ್ನನ್ನು ನೋಡಿದವನೇ ಚಹಾದ ಕಪ್ಪಿನ ಮೇಲೆ ಅಂಗೈ ಮುಚ್ಚಿದ. ಗೆರೆಯ ಒಳಗೆ ಹೋಗುವಂತಿಲ್ಲವಾದ್ದರಿಂದ ಶೇಂಗಾದ ಪೊಟ್ಟಣ ಹಿಡಿದು ಜನರ ನಡುವೆ ಕೂತೆ. ಕೂತು ಕಬಡ್ಡಿ ನೋಡಿದ್ದು ಜನ್ಮದಲ್ಲಿ ಇದೇ ಮೊದಲು.

ತುಳಜಾ ಐದು ರೇಡು ಮಾಡಿದಳು. ನಾಲ್ಕರಲ್ಲಿ ಮುಟ್ಟಿ ಬಂದಳು. ಹನ್ನೆರಡು ಜನರ ತಂಡದಲ್ಲಿ ಏಳನೆಯ ಹೆಸರು ಅವಳದು. ಹೆಸರು ಓದಿದಾಗ ಜನರಲ್ಲಿ ನಮ್ಮನ್ನು ಹುಡುಕಿ ನೋಡಿದಳು, ನಾನು ಶೇಂಗಾದ ಪೊಟ್ಟಣವನ್ನೇ ಎತ್ತಿ ಆಡಿಸಿದೆ.

ಐದನೆಯ ರೇಡಿನಲ್ಲಿ ಹೊಸ ಅಂಪೈರು ಅವಳಿಗೆ ಔಟ್ ಕೊಟ್ಟ. ಬಲಗಾಲು ಗೆರೆಯಾಚೆ ಪೂರ್ತಿ ಒಂದು ಗೇಣು ಬಿದ್ದಿತ್ತು. ಈ ಸಲ ಚಷ್ಮಾ ಮೂಗಿನ ಮೇಲೇ ಇತ್ತು, ಸ್ವಚ್ಛವಾಗಿ ನೋಡಿದೆ. ನೋಡಿದವನೇ ಎದ್ದು ನಿಂತು, "ದಾಟಿಲ್ಲೋ! ಕಣ್ಣ ಎಲ್ಲಿಟ್ಟೀಯೋ ಅಂಪೈರಾ!" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದೆ. ಗಂಟಲು ಇನ್ನೂ ನೋಯುತ್ತಿದೆ. ಶಿವವ್ವ ನನ್ನ ಅಂಗಿ ಜಗ್ಗಿ ಕೂರಿಸಿದಳು.